ಮಳೆಗಾಲಕ್ಕೆ ಮೊದಲೇ ಫ್ಲೂ ಲಸಿಕೆ ಕೊಡಿ: ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಕಲಬುರಗಿ ಜಿಲ್ಲಾಡಳಿತಕ್ಕೆ ಮತ್ತು ನನ್ನ ಜಿಲ್ಲೆಯ ಜನರಿಗೆ,

ನಮಸ್ಕಾರಗಳು.

ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿದು ನಿವೃತ್ತಳಾದವಳು ನಾನು. ನನ್ನ ಬೇಡಿಕೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಋತುಮಾನದ ಫ್ಲೂ ಲಸಿಕೆಯನ್ನು ಸರ್ಕಾರವೇ ಕೊಂಡು, ಗರ್ಭಿಣಿಯರಿಗೆ, ವೃದ್ಧರಿಗೆ, ದೀರ್ಘಕಾಲದ ಕಾಯಿಲೆ ಇರುವವರಿಗೆ, ಚಿಕ್ಕ ಮಕ್ಕಳಿಗೆ ಮತ್ತು ಇವರೆಲ್ಲರ ಆರೈಕೆ ಮಾಡುವ ಆರೋಗ್ಯ ಸಿಬ್ಬಂದಿಗೆ ಪ್ರತಿ ವರ್ಷ ಮುಂಗಾರಿಗೆ ಮುನ್ನ ಉಚಿತವಾಗಿ ಕೊಡಬೇಕು. ಆ ಕೆಲಸ ಕಲಬುರಗಿ ಜಿಲ್ಲೆಯಿಂದಲೇ ಶುರುವಾಗಬೇಕು.

ಈ ಐದು ಗುಂಪುಗಳನ್ನು ನಾನು ಆರಿಸಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇವರನ್ನೇ ಹೆಸರಿಸಿದೆ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯೂ ಆರೋಗ್ಯ ಸಿಬ್ಬಂದಿ ಮತ್ತು ಗರ್ಭಿಣಿಯರನ್ನು ಮುಂದಿಟ್ಟು, 65 ದಾಟಿದವರು, ದೀರ್ಘಕಾಲದ ರೋಗಿಗಳು, ಆರು ತಿಂಗಳಿಂದ ಎಂಟು ವರ್ಷದೊಳಗಿನ ಮಕ್ಕಳು ಲಸಿಕೆ ಪಡೆಯುವುದು ಒಳ್ಳೆಯದು ಎನ್ನುತ್ತದೆ. ಆದರೆ ಸರ್ಕಾರ ಉಚಿತವಾಗಿ ಲಸಿಕೆ ಕೊಡುವ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಲಸಿಕೆಯ ಹೆಸರಿಲ್ಲ. ಹಾಗಾಗಿ ಮಾರ್ಗಸೂಚಿ ಕಚೇರಿಯ ಕಡತದಲ್ಲಿದೆ, ಲಸಿಕೆ ಖಾಸಗಿ ದವಾಖಾನೆಯ ಫ್ರಿಜ್‌ನಲ್ಲಿದೆ. ಜೇಬಿನಲ್ಲಿ ದುಡ್ಡಿರುವ, ಮನೆಯಲ್ಲಿ ಓದಿಕೊಂಡ ಮಕ್ಕಳಿರುವ ಕೆಲವರು ನಗರದಲ್ಲಿ ಹಾಕಿಸಿಕೊಳ್ಳುತ್ತಾರೆ. ಯಾರಿಗೆ ಇದು ಎಲ್ಲರಿಗಿಂತ ಹೆಚ್ಚು ಬೇಕಾಗಿದೆಯೋ ಅವರು ಇಂಥದೊಂದು ಲಸಿಕೆ ಇದೆ ಎಂಬುದನ್ನೇ ಕೇಳಿಲ್ಲ.

ನಮ್ಮ ಕಡೆ ಫ್ಲೂ ಎಂದು ಹೇಳಿಕೊಂಡು ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಹವಾ ಬದಲಾಗಿದೆ, ಮೈಕೈ ನೋವು, ಕೆಮ್ಮು, ಜ್ವರ ಎಂದು ಬರುತ್ತಾರೆ. ಬರುವ ಮುಂಚೆಯೇ ಊರಿನಲ್ಲಿ ಒಂದು ಇಂಜೆಕ್ಷನ್, ಒಂದು ಬಾಟಲಿ ಸಲೈನ್, ನಾಲ್ಕು ಆಂಟಿಬಯಾಟಿಕ್ ಮಾತ್ರೆ ಆಗಿರುತ್ತದೆ. ವೈರಸ್‌ನಿಂದ ಬಂದ ಜ್ವರಕ್ಕೆ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ. ಆದರೂ ಹೆಚ್ಚಿನವರು ಒಂದು ವಾರದಲ್ಲಿ ಎದ್ದು ಓಡಾಡುತ್ತಾರೆ. ಹಾಗೆ ಎದ್ದು ಓಡಾಡುವವರೇ ಬಹಳವಾದ್ದರಿಂದ ಏಳದವರ ಕಡೆ ನಮ್ಮ ಗಮನ ಹೋಗಿಲ್ಲ. ಏಳದವರ ಮರಣದ ಕಾರಣ ಬರೆಯುವಾಗ ನ್ಯುಮೋನಿಯಾ ಎಂದೋ, ಹೃದಯ ನಿಂತಿತು ಎಂದೋ, ಮೂತ್ರಪಿಂಡ ಸೋತಿತು ಎಂದೋ ಬರೆಯುತ್ತಾರೆ. ಅದರ ಹಿಂದೆ ವಾರದ ಕೆಳಗೆ ಬಂದ ಜ್ವರ ಯಾವುದು ಎಂದು ಯಾರೂ ಹುಡುಕುವುದಿಲ್ಲ. ಸಾಮಾನ್ಯ ಲಕ್ಷಣವಿದ್ದವರಿಗೆ ಗಂಟಲ ದ್ರವದ ಪರೀಕ್ಷೆ ಬೇಕಿಲ್ಲ ಎಂಬುದು ಸರ್ಕಾರದ್ದೇ ನಿಯಮ, ಅದು ಸರಿಯೂ ಹೌದು. ಆದರೆ ಅದೇ ಕಾರಣಕ್ಕೆ ಜಿಲ್ಲಾವಾರು ಅಂಕಿ ಸಂಖ್ಯೆ ನೋಡಿ ‘ನಿಮ್ಮಲ್ಲಿ ಫ್ಲೂ ಕಡಿಮೆ’ ಎಂದು ನಮಗೆ ಹೇಳಬೇಡಿ.

ಪರೀಕ್ಷೆಯಾದವರ ಲೆಕ್ಕವೇ ಸಾಕಷ್ಟು ದೊಡ್ಡದಿದೆ. 2015ರಲ್ಲಿ ಎಚ್1ಎನ್1 ಎಂಬ ಫ್ಲೂ ತಳಿ ದೇಶದಲ್ಲಿ 42,592 ಜನರಲ್ಲಿ ಪತ್ತೆಯಾಗಿ 2,990 ಜನ ಸತ್ತರು. 2017ರಲ್ಲಿ ಮತ್ತೆ 2,270 ಸಾವು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಇನ್ನೊಂದು ಫ್ಲೂ ತಳಿಯ ಸಾವಿನ ಸುದ್ದಿ ಬಂದದ್ದು ನಮ್ಮದೇ ರಾಜ್ಯದ ಹಾಸನ ಜಿಲ್ಲೆಯಿಂದ, ತೀರಿಕೊಂಡವರು 82 ವರ್ಷದ ವೃದ್ಧರು. ಇಡೀ ಜಗತ್ತಿನಲ್ಲಿ ಋತುಮಾನದ ಫ್ಲೂನಿಂದ ಉಸಿರಾಟದ ತೊಂದರೆಯಾಗಿ ವರ್ಷಕ್ಕೆ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಇನ್ನು ಗರ್ಭಿಣಿಯರ ವಿಷಯ. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಒಂದು ಮಳೆಗಾಲದಲ್ಲಿ, ಆಳಂದ ಕಡೆಯ ತಾಂಡಾದ ಹುಡುಗಿಯೊಬ್ಬಳನ್ನು ರಾತ್ರಿ ಹೊತ್ತು ಕರೆತಂದರು. ಏಳು ತಿಂಗಳು. ಐದು ದಿನದ ಜ್ವರ, ಎರಡು ದಿನದ ಉಬ್ಬಸ. ಅಂಗಾತ ಮಲಗಿದರೆ ಉಸಿರು ಸಿಗದು, ಹಾಗಾಗಿ ಮಂಚದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದು ಕುಳಿತೇ ಇದ್ದಳು. ಉಗುರು ನೀಲಿಗಟ್ಟಿದ್ದವು. ಅವಳ ಅತ್ತೆ ಪ್ಲಾಸ್ಟಿಕ್ ಚೀಲದಿಂದ ತಾಯಿ ಕಾರ್ಡ್ ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಧನುರ್ವಾಯು ಚುಚ್ಚುಮದ್ದಿನ ಎರಡೂ ತಾರೀಖು, ಕಬ್ಬಿಣಾಂಶದ ಮಾತ್ರೆ, ರಕ್ತದ ಪ್ರಮಾಣ, ತೂಕ, ಬಿಪಿ. ಆ ಮನೆಯವರಾಗಲಿ, ಆ ಊರಿನ ಆಶಾ ಕಾರ್ಯಕರ್ತೆಯಾಗಲಿ ಒಂದು ಭೇಟಿಯನ್ನೂ ತಪ್ಪಿಸಿರಲಿಲ್ಲ. ಬಾ ಎಂದಾಗಲೆಲ್ಲ ಆ ಹುಡುಗಿ ಬಂದಿದ್ದಳು, ಕೊಟ್ಟದ್ದನ್ನೆಲ್ಲ ಹಾಕಿಸಿಕೊಂಡಿದ್ದಳು. ಫ್ಲೂ ಲಸಿಕೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ, ಏಕೆಂದರೆ ಕೊಡಲು ಅದು ಇರಲೇ ಇಲ್ಲ. ಬಹಳ ದಿನ ಆಮ್ಲಜನಕದ ಮೇಲಿದ್ದು ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಗರ್ಭಿಣಿಗೆ ಫ್ಲೂ ಯಾಕೆ ಇಷ್ಟು ಕಠಿಣವೆಂದರೆ, ಬೆಳೆಯುವ ಗರ್ಭ ವಪೆಯನ್ನು, ಅಂದರೆ ಎದೆ ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ತಳ್ಳಿ ಶ್ವಾಸಕೋಶದ ಜಾಗ ಕಡಿಮೆ ಮಾಡುತ್ತದೆ, ಹೃದಯ ಇಬ್ಬರಿಗಾಗಿ ದುಡಿಯುತ್ತಿರುತ್ತದೆ, ದೇಹದ ರೋಗನಿರೋಧಕ ವ್ಯವಸ್ಥೆಯೂ ಮಗುವನ್ನು ಹೊರಲು ಬದಲಾಗಿರುತ್ತದೆ. ಲಸಿಕೆಯನ್ನು ಗರ್ಭದ ಯಾವ ತಿಂಗಳಲ್ಲಾದರೂ ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದರಿಂದ ತಾಯಿಗಷ್ಟೇ ಅಲ್ಲ, ಹುಟ್ಟುವ ಮಗುವಿಗೂ ರಕ್ಷಣೆ. ಆರು ತಿಂಗಳೊಳಗಿನ ಕೂಸಿಗೆ ಕೊಡುವ ಫ್ಲೂ ಲಸಿಕೆ ಎಲ್ಲಿಯೂ ಇಲ್ಲ. ತಾಯಿಯ ರಕ್ತದಲ್ಲಿ ಹುಟ್ಟಿದ, ರೋಗದೊಡನೆ ಹೋರಾಡುವ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ದಾಟಿ ಬಂದರೆ ಮಾತ್ರ ಆ ಕೂಸಿಗೆ ಕಾವಲು. ಬಾಂಗ್ಲಾದೇಶದಲ್ಲಿ 340 ಗರ್ಭಿಣಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ತೋರಿಸಿಕೊಟ್ಟಿತು. ತಾಯಂದಿರಿಗೆ ಲಸಿಕೆ ಕೊಟ್ಟ ಮನೆಗಳಲ್ಲಿ ಮೊದಲ ಆರು ತಿಂಗಳಲ್ಲಿ ಕೂಸುಗಳಿಗೆ ಬರುವ ಫ್ಲೂ ಶೇ 63ರಷ್ಟು ಕಡಿಮೆಯಾಗಿತ್ತು. ಆ ತಾಯಂದಿರು ನಮ್ಮವರಂತೆಯೇ ಇಕ್ಕಟ್ಟಾದ ಮನೆಗಳಲ್ಲಿ, ಇಂಥದೇ ಮಳೆ ಸೆಕೆಗಳ ನಡುವೆ ಬದುಕುವವರು.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಂದು ಅವರು ಸಾಲಿನಲ್ಲಿ ನಿಂತಿರುತ್ತಾರೆ, ಕೈಯಲ್ಲಿ ಕಾರ್ಡ್ ಇರುತ್ತದೆ, ಎದುರಿಗೆ ಸೂಜಿ ಹಾಕಲು ಬಲ್ಲ ಸಿಬ್ಬಂದಿ ಇರುತ್ತಾರೆ. ತಾಯಿ ಕಾರ್ಡ್‌ನಲ್ಲಿ ಒಂದು ಕಲಂ ಹೆಚ್ಚಿಗೆ ಅಚ್ಚಾಗಬೇಕು, ಆಸ್ಪತ್ರೆಗೆ ಒಂದು ಪೆಟ್ಟಿಗೆ ಲಸಿಕೆ ಬರಬೇಕು.

ಎರಡನೆಯ ಮಾತು ಹೃದ್ರೋಗಿಗಳದ್ದು. ಜ್ವರಕ್ಕೂ ಹೃದಯಕ್ಕೂ ಏನು ಸಂಬಂಧ ಎಂದು ಹಲವರು ಕೇಳುತ್ತಾರೆ. ಫ್ಲೂ ಎಂದು ಪ್ರಯೋಗಾಲಯದಲ್ಲಿ ಖಚಿತವಾದವರಲ್ಲಿ ಮೊದಲ ಏಳು ದಿನ ಹೃದಯಾಘಾತದ ಸಂಭವ ಆರು ಪಟ್ಟು ಹೆಚ್ಚುತ್ತದೆ ಎಂಬುದು ಕೆನಡಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. 2021ರಲ್ಲಿ ಇನ್ನೊಂದು ಬಂತು. ಎಂಟು ದೇಶಗಳಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ 2,500ಕ್ಕೂ ಹೆಚ್ಚು ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಫ್ಲೂ ಲಸಿಕೆ, ಉಳಿದವರಿಗೆ ಬರಿ ಉಪ್ಪುನೀರಿನ ಚುಚ್ಚುಮದ್ದು ಕೊಟ್ಟು ಒಂದು ವರ್ಷ ನೋಡಿದರು. ಉಪ್ಪುನೀರು ಪಡೆದವರಲ್ಲಿ ಶೇ 4.9 ಜನ ತೀರಿಕೊಂಡರೆ ಲಸಿಕೆ ಪಡೆದವರಲ್ಲಿ ಶೇ 2.9. ಕಲಬುರಗಿಯಲ್ಲಿ ಇಂದು ಹೃದ್ರೋಗದ ದೊಡ್ಡ ಸರ್ಕಾರಿ ಆಸ್ಪತ್ರೆ ಇದೆ, ಸ್ಟೆಂಟ್ ಹಾಕಿಸಿಕೊಳ್ಳಲು ಬೆಂಗಳೂರಿಗೋ ಸೊಲ್ಲಾಪುರಕ್ಕೋ ಹೋಗಬೇಕಾದ ಕಾಲ ಹೋಗಿದೆ. ಅದಕ್ಕಾಗಿ ಸರ್ಕಾರಕ್ಕೆ ನಾನು ಮನಸಾರೆ ಋಣಿ. ಸ್ಟೆಂಟ್‌ಗೆ ಅಷ್ಟು ಖರ್ಚು ಮಾಡಿದ ಮೇಲೆ, ಮನೆಗೆ ಕಳಿಸುವ ದಿನ ಒಂದು ಲಸಿಕೆ ಕೊಟ್ಟು ಕಳಿಸಿ ಎಂದು ಬೇಡುವುದು ದೊಡ್ಡ ಬೇಡಿಕೆಯಲ್ಲ.

ಸಕ್ಕರೆ ಕಾಯಿಲೆಯವರು, ಡಯಾಲಿಸಿಸ್‌ಗೆ ವಾರಕ್ಕೆ ಎರಡು ಮೂರು ಸಲ ಬರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇದೇ ಸಾಲಿಗೆ ಸೇರುತ್ತಾರೆ. ಆದರೆ ನಮ್ಮ ಜಿಲ್ಲೆಗೆ ವಿಶೇಷವಾದ ಒಂದು ಗುಂಪಿದೆ, ಅದು ರಾಜ್ಯದ ಬೇರೆ ಕಡೆಯವರ ಗಮನಕ್ಕೆ ಬಾರದು. ಶಹಾಬಾದ್, ಚಿತ್ತಾಪುರದ ಫರಸಿ ಕಲ್ಲಿನ ಗಣಿಗಳಲ್ಲಿ, ವಾಡಿ, ಸೇಡಂ ಸುತ್ತಿನ ಸಿಮೆಂಟ್ ಕಾರ್ಖಾನೆಗಳ ಹೊರಗುತ್ತಿಗೆ ಕೆಲಸದಲ್ಲಿ ಆಯುಷ್ಯ ಕಳೆದವರ ಎದೆಯಲ್ಲಿ ದೂಳು ಕೂತಿದೆ. ಅವರ ಮನೆಯ ಹೆಂಗಸರ ಎದೆಯಲ್ಲಿ ಒಲೆಯ ಹೊಗೆ ಕೂತಿದೆ. ಇವರನ್ನೆಲ್ಲ ನಾವು ‘ದಮ್ಮಿನವರು’ ಎಂದೇ ಕರೆಯುತ್ತೇವೆ. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು ಹಾರಿದಾಗಲೇ ಕಂಗಾಲಾಗುವ ಈ ಜನರಿಗೆ ಫ್ಲೂ ತಗಲಿದರೆ ಉಳಿದಿರುವ ಅಷ್ಟಿಷ್ಟು ಉಸಿರೂ ಹೋಗುತ್ತದೆ. ಇವರಲ್ಲಿ ಬಹಳ ಮಂದಿಗೆ 65 ಆಗಿರುವುದಿಲ್ಲ. ವಯಸ್ಸು ನೋಡಿ ‘ಇನ್ನೂ ಆಗಿಲ್ಲ’ ಎಂದು ಹಿಂದೆ ಕಳಿಸುವ ಹಾಗಾಗಬಾರದು. ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಪಟ್ಟಿ ಮಾಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿ, ಶುಗರ್ ಮಾತ್ರೆಗೆ ತಿಂಗಳಿಗೊಮ್ಮೆ ಬರುವವರ ದಾಖಲೆ ಈಗಾಗಲೇ ಇದೆ. ಆ ಪುಸ್ತಕವನ್ನೇ ತೆರೆದರೆ ಅರ್ಧ ಪಟ್ಟಿ ಸಿದ್ಧ.

ಮಕ್ಕಳ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಆರು ತಿಂಗಳು ತುಂಬಿದ ಮೇಲೆ ಕೊಡಬಹುದು. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ವರ್ಷ ಮಾತ್ರ ಕನಿಷ್ಠ ನಾಲ್ಕು ವಾರ ಬಿಟ್ಟು ಎರಡು ಸಲ, ಮುಂದಿನ ವರ್ಷಗಳಲ್ಲಿ ಒಂದೊಂದೇ ಸಲ. ಅಪೌಷ್ಟಿಕತೆಯ ಮಕ್ಕಳನ್ನು ಅಂಗನವಾಡಿ ಕಾರ್ಯಕರ್ತೆಯರು ತೂಕ ಮಾಡಿ ಗುರುತಿಸಿರುತ್ತಾರೆ. ಮಕ್ಕಳಲ್ಲಿ ಯಾರು ಮೊದಲು ಎಂಬ ಪ್ರಶ್ನೆ ಬಂದರೆ ಆ ಮಕ್ಕಳೇ ಮೊದಲು.

ಆರೋಗ್ಯ ಸಿಬ್ಬಂದಿಯ ಬಗ್ಗೆ ಬರೆಯುವಾಗ ನನ್ನ ದನಿ ಸ್ವಲ್ಪ ಏರಿದರೆ ಕ್ಷಮಿಸಿ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು ಕಲಬುರಗಿಯಲ್ಲಿ. ಆ ರೋಗ ಏನು, ಹೇಗೆ ಹರಡುತ್ತದೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ಆ ದಿನಗಳಲ್ಲಿ ಈ ಊರಿನ ಓಣಿ ಓಣಿಗೆ ಹೋಗಿ ಮನೆ ಬಾಗಿಲು ತಟ್ಟಿದವರು ಆಶಾ ಕಾರ್ಯಕರ್ತೆಯರು. ಬೈಸಿಕೊಂಡರು, ಬಾಗಿಲು ಮುಚ್ಚಿಸಿಕೊಂಡರು, ಮರುದಿನ ಮತ್ತೆ ಹೋದರು. 2021ರ ಜನವರಿ 16ರಂದು ಕೋವಿಡ್ ಲಸಿಕೆ ಬಂದಾಗ ಆರೋಗ್ಯ ಸಿಬ್ಬಂದಿಯನ್ನೇ ಮೊದಲು ಕರೆದರು. ಆಗ ಸರಿಯೆನಿಸಿದ ಆ ವಿವೇಕ ಫ್ಲೂ ವಿಷಯದಲ್ಲಿ ಏಕೆ ಇಲ್ಲ? ಫ್ಲೂ ತಗಲಿದವರು ಲಕ್ಷಣ ಕಾಣುವ ಒಂದು ದಿನ ಮೊದಲೇ ರೋಗ ಹರಡಬಲ್ಲರು. ಬಾಣಂತಿಯರ ವಾರ್ಡಿನಲ್ಲಿ ಮಗುವನ್ನು ಎತ್ತಿಕೊಡುವ ನರ್ಸ್‌ಗೆ, ಡಯಾಲಿಸಿಸ್ ಯಂತ್ರಕ್ಕೆ ರೋಗಿಯನ್ನು ಜೋಡಿಸುವ ತಂತ್ರಜ್ಞನಿಗೆ ಲಸಿಕೆ ಕೊಡದೆ ಬಿಟ್ಟರೆ ಅಪಾಯ ಅವರಿಗೆ ಮಾತ್ರವಲ್ಲ. ಮತ್ತು ದಯವಿಟ್ಟು, ಸಿಬ್ಬಂದಿ ಎಂದರೆ ವೈದ್ಯರು ಮತ್ತು ಕಾಯಂ ನೌಕರರು ಮಾತ್ರ ಎಂದು ಲೆಕ್ಕ ಹಾಕಬೇಡಿ. ನೆಲ ಒರೆಸುವವರು, ಬಟ್ಟೆ ಒಗೆಯುವವರು, 108 ವಾಹನದ ಚಾಲಕರು, ಹೊರಗುತ್ತಿಗೆಯ ಡಿ ಗುಂಪಿನವರು, ಆಶಾ, ಅಂಗನವಾಡಿಯವರು ಎಲ್ಲರೂ ರೋಗಿಯ ಕೆಮ್ಮು ತಾಗುವಷ್ಟು ಹತ್ತಿರ ಕೆಲಸ ಮಾಡುವವರೇ. ಪಟ್ಟಿ ಮಾಡುವಾಗ ಮೊದಲು ಬಿಟ್ಟುಹೋಗುವ ಹೆಸರುಗಳು ಇವರವೇ ಎಂಬುದನ್ನು ನಾನು ನೌಕರಿಯುದ್ದಕ್ಕೂ ನೋಡಿದ್ದೇನೆ.

ಈಗ ದುಡ್ಡಿನ ಮಾತು. ಖಾಸಗಿಯಲ್ಲಿ ಒಂದು ಫ್ಲೂ ಲಸಿಕೆಗೆ ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸು ಬೀಳುತ್ತದೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಂದು ಮನೆಯಲ್ಲಿ ಅಜ್ಜ, ಅಜ್ಜಿ, ಬಸುರಿ ಸೊಸೆ, ಎರಡು ವರ್ಷದ ಮೊಮ್ಮಗು ಇದ್ದರೆ ಮಗುವಿನ ಎರಡು ಡೋಸ್ ಸೇರಿ ಐದು ಸೂಜಿ. ಅಂದರೆ ಕಡಿಮೆಯೆಂದರೂ ಎರಡು ವಾರದ ಕೂಲಿ, ಅದೂ ಬಿತ್ತನೆ ಬೀಜ, ಗೊಬ್ಬರಕ್ಕೆ ಸಾಲ ಎತ್ತುವ ಮೇ ತಿಂಗಳಲ್ಲಿ. ಯಾವ ಮನೆಯವರು ಇನ್ನೂ ಬಾರದ ಜ್ವರಕ್ಕೆ ಇಷ್ಟು ದುಡ್ಡು ತೆಗೆದಿಡುತ್ತಾರೆ? ಆರೋಗ್ಯದ ಅರಿವಿಲ್ಲ ಎಂದು ಆ ಮನೆಯನ್ನು ದೂರುವುದು ನ್ಯಾಯವಲ್ಲ. ಸರ್ಕಾರ ಸಗಟಾಗಿ ಟೆಂಡರ್ ಕರೆದರೆ ಈ ಬೆಲೆ ಇಳಿಯುತ್ತದೆ.

ಇದು ಆಗದ ಕೆಲಸವೇ ಎಂದು ನೋಡಲು ಬಹಳ ದೂರ ಹೋಗಬೇಕಿಲ್ಲ. ಅಫಜಲಪುರ, ಆಳಂದ ದಾಟಿದರೆ ಮಹಾರಾಷ್ಟ್ರ. 2015ರಲ್ಲಿ ಎಚ್1ಎನ್1 ಹಾವಳಿಯಾದಾಗ ಆ ರಾಜ್ಯ ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ ಮತ್ತು ಬಿಪಿ ಇರುವವರಿಗೆ, ಆರೋಗ್ಯ ಸಿಬ್ಬಂದಿಗೆ ಉಚಿತ ಫ್ಲೂ ಲಸಿಕೆ ಆರಂಭಿಸಿತು. ಗಡಿಯ ಆಚೆ ಈಚೆ ಒಂದೇ ಮಣ್ಣು, ಒಂದೇ ಬೆಳೆ, ಬೀಗತನ ನೆಂಟಸ್ತಿಕೆ ಎಲ್ಲವೂ ಕೂಡಿಯೇ ಇದೆ. ಸೊಲ್ಲಾಪುರಕ್ಕೆ ಕೊಟ್ಟ ಮಗಳಿಗೆ ಸಿಗಬಹುದಾದ ಲಸಿಕೆ ಕಲಬುರಗಿಗೆ ತಂದುಕೊಂಡ ಸೊಸೆಗೆ ಇಲ್ಲ.

ಹಣ ಎಲ್ಲಿಂದ ಎಂದು ಕೇಳುವ ಹಾಗಿಲ್ಲ. ಸಂವಿಧಾನದ 371(ಜೆ) ವಿಧಿ ಈ ಭಾಗ ಹಿಂದುಳಿದಿದೆ ಎಂದು ಒಪ್ಪಿಕೊಂಡೇ ಬಂದದ್ದು. ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಅನುದಾನ ಎಂದು ಬಜೆಟ್‌ಗಳಲ್ಲಿ ಘೋಷಣೆಯಾಗಿದೆ. ರಸ್ತೆ, ಸಮುದಾಯ ಭವನ, ಶಾಲಾ ಕೊಠಡಿ ಎಲ್ಲವೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಲಸಿಕೆಗೆ ಅಡಿಗಲ್ಲು ಹಾಕಲಾಗದು, ಉದ್ಘಾಟನೆಯ ಫಲಕ ಬರೆಸಲಾಗದು ಎಂಬ ಕಾರಣಕ್ಕೆ ಅದು ಪಟ್ಟಿಯ ಕೊನೆಗೆ ಹೋಗಬಾರದು. ಮೊದಲ ವರ್ಷ ಎಲ್ಲರಿಗೂ ಆಗದಿದ್ದರೆ ಗರ್ಭಿಣಿಯರು, ಆರೋಗ್ಯ ಸಿಬ್ಬಂದಿ, ಡಯಾಲಿಸಿಸ್ ಮತ್ತು ಹೃದಯದ ರೋಗಿಗಳು, ದಮ್ಮಿನವರು, ಇಷ್ಟು ಜನರಿಂದ ಶುರು ಮಾಡಿ. ವೃದ್ಧರನ್ನೂ ಮಕ್ಕಳನ್ನೂ ಎರಡನೆಯ ವರ್ಷ ಸೇರಿಸಿಕೊಳ್ಳಿ. ವೃದ್ಧರನ್ನು ಹಿಂದಿಡುವುದು ನನಗೆ ಸುಲಭದ ಮಾತಲ್ಲ, ಆದರೆ ಎಲ್ಲರಿಗೂ ಒಟ್ಟಿಗೆ ಎಂದು ಕಾಯುತ್ತಾ ಯಾರಿಗೂ ಇಲ್ಲ ಎಂದಾಗುವುದನ್ನು ಹಲವು ಯೋಜನೆಗಳಲ್ಲಿ ಕಂಡವಳು ನಾನು. ಇಪ್ಪತ್ತೈದರ ಗಟ್ಟಿಮುಟ್ಟಾದ ಹುಡುಗನಿಗೆ ಸರ್ಕಾರದ ಖರ್ಚಿನಲ್ಲಿ ಇದು ಬೇಕಿಲ್ಲ. ಮನೆಯಲ್ಲಿ ಎಳೆಗೂಸೋ ಕ್ಯಾನ್ಸರ್ ರೋಗಿಯೋ ಇದ್ದು, ಕೊಳ್ಳುವ ಶಕ್ತಿ ಇದ್ದರೆ ಅವನೂ ಹಾಕಿಸಿಕೊಳ್ಳಲಿ.

ಸಮಯ ತಪ್ಪಿದರೆ ಈ ಖರ್ಚೆಲ್ಲ ನೀರಿನಲ್ಲಿ ಹೋಮ. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಮೊದಲನೆಯದು ತೊಗರಿ ರಾಶಿಯಿಂದ ಶರಣಬಸವೇಶ್ವರರ ಜಾತ್ರೆಯವರೆಗಿನ ಕಾಲ. ಪುಣೆ, ಮುಂಬೈ, ಹೈದರಾಬಾದ್‌ಗೆ ಗುಳೆ ಹೋದವರು ತೇರಿಗೆಂದು ಕಿಕ್ಕಿರಿದ ಬಸ್ಸು ರೈಲುಗಳಲ್ಲಿ ಊರಿಗೆ ಬರುವ ಹೊತ್ತು. ಎರಡನೆಯದು ಬಿತ್ತನೆ ಮುಗಿದು ಶ್ರಾವಣ ಹಿಡಿಯುವ ಹೊತ್ತು. ಲಸಿಕೆ ಹಾಕಿದ ಮೇಲೆ ದೇಹದಲ್ಲಿ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಮೇ ತಿಂಗಳೊಳಗೆ ಕೊಟ್ಟು ಮುಗಿಸಬೇಕು. ಜುಲೈನಲ್ಲಿ ವಾರ್ಡ್ ತುಂಬಿದ ಮೇಲೆ ತುರ್ತು ಸಭೆ ಕರೆದು ಲಸಿಕೆಗೆ ಟೆಂಡರ್ ಕರೆಯುವುದೆಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆಯೇ.

ಮೇ ತಿಂಗಳೆಂದರೆ ನಮ್ಮಲ್ಲಿ 42 ಡಿಗ್ರಿ ದಾಟುವ ಬಿಸಿಲು, ನಡುನಡುವೆ ಕೈಕೊಡುವ ಕರೆಂಟು. ಈ ಲಸಿಕೆ 2ರಿಂದ 8 ಡಿಗ್ರಿಯೊಳಗೇ ಇರಬೇಕು, ಹೆಪ್ಪುಗಟ್ಟಿದರೂ ಕೆಟ್ಟುಹೋಗುತ್ತದೆ. ಅದು ನಮ್ಮ ಸಿಬ್ಬಂದಿಗೆ ಹೊಸ ವಿದ್ಯೆಯಲ್ಲ. ಲಸಿಕೆಯ ಡಬ್ಬಿ ಹೊತ್ತು ತಾಂಡಾಗಳಿಗೆ ಹೋಗುವ ಆರೋಗ್ಯ ಸಹಾಯಕಿಯರು ಬೆಳಿಗ್ಗೆ ಫ್ರೀಜರ್‌ನಿಂದ ಐಸ್‌ಪ್ಯಾಕ್ ತೆಗೆದು ಸೀದಾ ಡಬ್ಬಿಗೆ ಹಾಕುವುದಿಲ್ಲ. ಮೇಜಿನ ಮೇಲೆ ಸಾಲಾಗಿ ಇಟ್ಟು ಅದು ಬೆವರುವವರೆಗೆ ಕಾಯುತ್ತಾರೆ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, ಒಳಗೆ ನೀರು ಕುಲುಕಿದ ಸದ್ದು ಕೇಳಿದ ಮೇಲಷ್ಟೇ ಒಳಗಿಡುತ್ತಾರೆ. ಗಟ್ಟಿ ಮಂಜಿಗೆ ತಾಗಿ ಲಸಿಕೆ ಹೆಪ್ಪುಗಟ್ಟಬಾರದೆಂದು ಈ ಎಚ್ಚರ. ಇಂಥ ಕೈಗಳು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿವೆ. ಒಂದು ತೊಡಕನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಫ್ಲೂ ಲಸಿಕೆ ಹೆಚ್ಚಾಗಿ ಒಬ್ಬರಿಗೊಂದು ಎಂಬಂತೆ ತುಂಬಿದ ಸಿರಿಂಜ್‌ಗಳಲ್ಲಿ ಬರುತ್ತದೆ, ಹತ್ತು ಡೋಸ್‌ಗಳ ಸಣ್ಣ ಬಾಟಲಿಗಿಂತ ಬಹಳ ಜಾಗ ತಿನ್ನುತ್ತದೆ. ಯಾವ ಕೇಂದ್ರದ ಫ್ರಿಜ್‌ನಲ್ಲಿ ಎಷ್ಟು ಜಾಗವಿದೆ ಎಂದು ಫೆಬ್ರುವರಿಯಲ್ಲೇ ಲೆಕ್ಕ ತೆಗೆಸಿ.

ಇನ್ನು ಜನರಿಗೆ, ಅಂದರೆ ನಮ್ಮ ಅಕ್ಕಂದಿರಿಗೆ, ಅಣ್ಣಂದಿರಿಗೆ, ಯಜಮಾನರಿಗೆ ಕೆಲವು ಮಾತು. ಲಸಿಕೆ ಬರುವ ದಿನ ಬಂದರೆ ನಿಮ್ಮ ಪ್ರಶ್ನೆಗಳಿಗೆ ಉತ್ತರ ಈಗಲೇ ಸಿದ್ಧವಿರಲಿ.

ಒಮ್ಮೆ ಹಾಕಿಸಿಕೊಂಡರೆ ಸಾಲದೆ, ಪ್ರತಿ ವರ್ಷ ಯಾಕೆ? ನಮ್ಮ ಹಳ್ಳಿಗಳ ಮಾಳಿಗೆ ಮನೆಗಳಿಗೆ ಮಳೆಗಾಲದ ಮುಂಚೆ ಪ್ರತಿ ವರ್ಷ ಹೊಸದಾಗಿ ಮಣ್ಣು ಹಾಕಿ ತುಳಿಯುವುದಿಲ್ಲವೇ, ಹಾಗೆಯೇ ಇದು. ಹೋದ ವರ್ಷದ ರಕ್ಷಣೆ ತಿಂಗಳು ಕಳೆದಂತೆ ಸವೆಯುತ್ತದೆ, ಜೊತೆಗೆ ವೈರಸ್ ಕೂಡ ರೂಪ ಬದಲಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಫೆಬ್ರುವರಿಯಲ್ಲಿ ಉತ್ತರ ಗೋಳಾರ್ಧಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣ ಗೋಳಾರ್ಧಕ್ಕೆ, ಮುಂದಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಎಂದು ಗೊತ್ತುಮಾಡುತ್ತಾರೆ. ಈಗ ಅದರಲ್ಲಿ ಮೂರು ತಳಿ ಸಾಕು ಎಂದಿದ್ದಾರೆ: ಎಚ್1ಎನ್1, ಎಚ್3ಎನ್2 ಮತ್ತು ಬಿ ವಿಕ್ಟೋರಿಯಾ. ನಾಲ್ಕನೆಯದಾದ ಬಿ ಯಮಗಾಟ 2020ರ ಮಾರ್ಚ್‌ನಿಂದ ಈಚೆಗೆ ಖಚಿತವಾಗಿ ಎಲ್ಲಿಯೂ ಕಂಡಿಲ್ಲ. ಮೂರು ತಳಿಯದು ಕೊಟ್ಟರೆ ಅಗ್ಗದ್ದು ಕೊಟ್ಟರು ಎಂದು ತಿಳಿಯಬೇಡಿ.

ಹಾಕಿಸಿಕೊಂಡವರಿಗೆ ಫ್ಲೂ ಬರುವುದೇ ಇಲ್ಲವೇ? ಬರಬಹುದು. ಲಸಿಕೆಯ ತಳಿ ಊರಲ್ಲಿ ಹರಡಿದ ತಳಿಗೆ ಚೆನ್ನಾಗಿ ಹೊಂದಿದ ವರ್ಷ ವೈದ್ಯರಲ್ಲಿಗೆ ಹೋಗಬೇಕಾಗುವ ಸಂಭವ ಶೇ 40ರಿಂದ 60ರಷ್ಟು ಇಳಿಯುತ್ತದೆ, ಹೊಂದದ ವರ್ಷ ಅದಕ್ಕೂ ಕಡಿಮೆ. ವಯಸ್ಸಾದವರಲ್ಲಿ ಪರಿಣಾಮ ತುಸು ಮಂದ. ಆದರೆ ರೋಗ ಬಂದರೂ ಐಸಿಯು ಮೆಟ್ಟಿಲು ಹತ್ತುವವರು ಕಡಿಮೆಯಾಗುತ್ತಾರೆ. ಬೇರೆ ವೈರಸ್‌ಗಳಿಂದ ಬರುವ ನೆಗಡಿಯನ್ನು ಇದು ತಡೆಯುವುದಿಲ್ಲ. ಅಷ್ಟನ್ನು ತಿಳಿದುಕೊಂಡೇ ಹಾಕಿಸಿಕೊಳ್ಳಿ, ಆಗ ‘ಸುಳ್ಳು ಹೇಳಿದರು’ ಎಂಬ ಬೇಸರ ಉಳಿಯುವುದಿಲ್ಲ.

ಸೂಜಿಯಿಂದಲೇ ಜ್ವರ ಬರುತ್ತದೆ ಎನ್ನುತ್ತಾರೆ. ಚುಚ್ಚಿ ಕೊಡುವ ಈ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ತೋಳು ನೋಯಬಹುದು, ಒಂದೆರಡು ದಿನ ಮೈ ಬೆಚ್ಚಗಾಗಬಹುದು. ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿಯಾಗಿದ್ದವರು ಹಾಕಿಸಿಕೊಳ್ಳಬಾರದು. ಹಿಂದೆ ಫ್ಲೂ ಲಸಿಕೆಯಾದ ಆರು ವಾರದೊಳಗೆ ಗಿಲ್ಲನ್ ಬಾರೆ ಎಂಬ ನರದೌರ್ಬಲ್ಯ ಬಂದಿದ್ದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಅಂದು ಮೈತುಂಬ ಜ್ವರವಿದ್ದರೆ ಗುಣವಾದ ಮೇಲೆ ಬನ್ನಿ. ಹೆಚ್ಚಿನ ಫ್ಲೂ ಲಸಿಕೆಗಳ ವೈರಸ್‌ಗಳನ್ನು ಕೋಳಿ ಮೊಟ್ಟೆಯಲ್ಲಿ ಬೆಳೆಸಿ ಶುದ್ಧೀಕರಿಸುತ್ತಾರೆ. ಮೊಟ್ಟೆ ಮುಟ್ಟದ ಮನೆಗಳು ನಮ್ಮಲ್ಲಿ ಬಹಳ ಇರುವುದರಿಂದ ಇದನ್ನು ಮುಚ್ಚಿಡದೆ ಹೇಳಬೇಕು, ನಿರ್ಧಾರ ಅವರಿಗೆ ಬಿಡಬೇಕು. ಔಷಧಿಯೆಂದು ಸ್ವೀಕರಿಸುವ ಹಿರಿಯರು ಇದ್ದಾರೆ ಎಂಬುದನ್ನೂ ನಾನು ಬಲ್ಲೆ.

ಕೋವಿಡ್ ಲಸಿಕೆಯ ನಂತರ ಲಸಿಕೆ ಎಂದರೇ ಎದೆ ಹಿಡಿದುಕೊಳ್ಳುವ ಭಯ ಕೆಲವರಲ್ಲಿ ಹುಟ್ಟಿದೆ. 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಮೊಬೈಲ್ ಮೊಬೈಲ್‌ಗೆ ಹರಿದಾಡಿತು. ರಾಜ್ಯ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಕೋವಿಡ್ ಲಸಿಕೆಗೂ ಹಠಾತ್ ಹೃದಯಾಘಾತಕ್ಕೂ ನೇರ ಸಂಬಂಧ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಫ್ಲೂ ವಿಷಯದಲ್ಲಂತೂ ಹೃದಯಕ್ಕೆ ಅಪಾಯ ತರುವುದು ರೋಗ, ಕಾಯುವುದು ಲಸಿಕೆ. ಮೇಲೆ ಹೇಳಿದ ಎರಡು ಅಧ್ಯಯನಗಳನ್ನು ನೆನಪಿಡಿ.

ಲಸಿಕೆ ಬರುವವರೆಗೂ ಒಂದನ್ನು ಮರೆಯಬೇಡಿ. ಗರ್ಭಿಣಿಗೆ, ವೃದ್ಧರಿಗೆ, ದಮ್ಮಿನವರಿಗೆ ಕೆಮ್ಮು ಜ್ವರ ಬಂದರೆ ಎರಡು ದಿನ ನೋಡೋಣ ಎನ್ನದೆ ಸರ್ಕಾರಿ ಆಸ್ಪತ್ರೆಗೆ ಕರೆತನ್ನಿ. ಫ್ಲೂಗೆ ಒಸೆಲ್ಟಾಮಿವಿರ್ ಎಂಬ ಮಾತ್ರೆ ಇದೆ, ಅದು ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಉಸಿರು ಕಟ್ಟುವುದು, ಎದೆನೋವು, ಮಂಪರು, ಕಫದಲ್ಲಿ ರಕ್ತ, ನೀಲಿ ಉಗುರು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಮಾನ್ಯರೇ, ದಕ್ಷಿಣ ಗೋಳಾರ್ಧದ ತಳಿಗಳು ಸೆಪ್ಟೆಂಬರ್‌ನಲ್ಲಿ ಗೊತ್ತಾಗುತ್ತವೆ. ಖರೀದಿ ಆದೇಶ ವರ್ಷಾಂತ್ಯದೊಳಗೆ ಹೊರಬಿದ್ದರೆ ಏಪ್ರಿಲ್ ಹೊತ್ತಿಗೆ ಲಸಿಕೆ ಜಿಲ್ಲಾ ಉಗ್ರಾಣಕ್ಕೆ ಬರಬಹುದು, ಮೇ 9ರ ತಪಾಸಣೆಯ ಸಾಲಿನಲ್ಲಿ ಮೊದಲ ಗರ್ಭಿಣಿಗೆ ಸಿಗಬಹುದು. ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಇರುತ್ತದೆಯೇ, ಇದ್ದರೆ ಮೊದಲ ವರ್ಷ ಯಾರು ಯಾರಿಗೆ ಎಷ್ಟು ಡೋಸ್, ಇಲ್ಲದಿದ್ದರೆ ಏಕಿಲ್ಲ, ಎಂಬುದನ್ನು ಪತ್ರಿಕೆಗಳ ಮೂಲಕ ಜಿಲ್ಲೆಯ ಜನರಿಗೆ ತಿಳಿಸಿ. ಸಿಬ್ಬಂದಿ ಸಾಲದು ಎಂಬ ಉತ್ತರ ಬರಬಹುದೆಂದು ಈಗಲೇ ಹೇಳುತ್ತಿದ್ದೇನೆ: ನನ್ನಂಥ ನಿವೃತ್ತ ಶುಶ್ರೂಷಾಧಿಕಾರಿಗಳು ಈ ಊರಿನಲ್ಲಿ ಹಲವರಿದ್ದೇವೆ. ಮೇ ತಿಂಗಳಿಡೀ ಯಾವ ತಾಲ್ಲೂಕಿಗೆ ಕಳಿಸಿದರೂ ಸಂಬಳವಿಲ್ಲದೆ ಬಂದು ಲಸಿಕೆ ಹಾಕುತ್ತೇವೆ. ಹೋಗಿಬರಲು ಒಂದು ವಾಹನ ಕೊಡಿ.

ಇಂತಿ,
ಕಲಬುರಗಿಯ ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ